ಜಯನಗರದಲ್ಲಿ ಟ್ರಿನಿಡಾಡ್ ಸ್ವತಂತ್ರವಾದದ್ದು

ಮೊನ್ನೆ ಬೆಳಿಗ್ಗೆ ಮನೆಗೆ ಬಣ್ಣ ಬಳಿಯಲು ಬಂದ ಮೇಸ್ತ್ರಿ ಬ್ರಷ್ ತೊಳೆಯಲೆಂದು ತಗಡಿನ ಡಬ್ಬವೊಂದರ ಮುಚ್ಚಳ ತೆಗೆದ. ಸೀಮೆಎಣ್ಣೆಯ ವಾಸನೆ ನಡುಮನೆಯಿಂದ ಅಡುಗೆಮನೆಯವರೆಗೂ ಬಂತು. ಈಗಿನ ಮಕ್ಕಳಿಗೆ ಈ ವಾಸನೆಯ ಪರಿಚಯವೇ ಇಲ್ಲ. ನಿಮಗೆ ಇದೆ ಎಂದರೆ ನಿಮಗೂ ವಯಸ್ಸಾಯಿತು ಎಂದು ಅರ್ಥ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಕಾಲಕ್ಕೆ ಬೆಂಗಳೂರಿನ ಅರ್ಧ ಅಡುಗೆ ಈ ವಾಸನೆಯಲ್ಲೇ ಬೇಯುತ್ತಿತ್ತು. ಉಳಿದವರಿಗೆ ಅದರಿಂದ ಸ್ಟೌ ನೆನಪಾಗಬಹುದು, ರೇಷನ್ ಅಂಗಡಿಯ ಕ್ಯೂ ನೆನಪಾಗಬಹುದು. ನನಗೆ ಟ್ರಿನಿಡಾಡ್ ನೆನಪಾಗುತ್ತದೆ.

ನಗಬೇಡಿ. ನಾನು ಆ ದ್ವೀಪಕ್ಕೆ ಹೋದವಳಲ್ಲ. ನಾನು ಕಂಡ ಒಂದೇ ಸಮುದ್ರ ಮಂಗಳೂರಿನದು, ಅದೂ ಸೀರೆ ಒದ್ದೆಯಾದೀತೆಂದು ದೂರದಿಂದ ನೋಡಿದ್ದು. ಆದರೆ ಟ್ರಿನಿಡಾಡ್ ಬ್ರಿಟಿಷರಿಂದ ಸ್ವತಂತ್ರವಾದ ೧೯೬೨ರಲ್ಲಿ ಅದರ ಇತಿಹಾಸವೆಲ್ಲ ಇದೇ ಜಯನಗರದ ಮನೆಯ ಇದೇ ನಡುಮನೆಯ ನೆಲದ ಮೇಲೆ ಹರಡಿಕೊಂಡಿತ್ತು. ಹರಡಿದವಳು ನನ್ನ ಸೋದರತ್ತೆ ವಿಶಾಲಾಕ್ಷಿ. ನಾವೆಲ್ಲ ವಿಶಾಲತ್ತೆ ಎನ್ನುತ್ತಿದ್ದೆವು. ಮದುವೆಯಾಗದೆ ಉಳಿದವಳು, ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದವಳು, ಕನ್ನಡಕ ಮೂಗಿನ ತುದಿಗೆ ಇಳಿದರೆ ಎದುರಿಗಿದ್ದವರಿಗೆ ಗ್ರಹಚಾರ ಎಂದೇ ತಿಳಿಯಬೇಕು.

ಬಸವನಗುಡಿಯ ನಮ್ಮ ದೊಡ್ಡ ಮನೆಯಲ್ಲಿ ಆಗ ಅಜ್ಜಿ, ದೊಡ್ಡಪ್ಪನ ಸಂಸಾರ, ನಮ್ಮ ಸಂಸಾರ ಮತ್ತು ವಿಶಾಲತ್ತೆ ಒಟ್ಟಿಗೆ ಇದ್ದೆವು. ಯಜಮಾನಿಕೆ ದೊಡ್ಡಪ್ಪನದು. ದಂಡು ಎನ್ನುತ್ತಿದ್ದ ಕಂಟೋನ್ಮೆಂಟಿನ ಕಡೆ ಒಂದು ಆಫೀಸಿನಲ್ಲಿ ಇಂಗ್ಲಿಷ್ ದೊರೆಯ ಕೈಕೆಳಗೆ ಕೆಲಸ ಕಲಿತವರು. ದೊರೆ ಹಡಗು ಹತ್ತಿ ಹೋಗಿ ಹದಿನೈದು ವರ್ಷವಾಗಿದ್ದರೂ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ "ಅವರಿದ್ದಾಗ ಹೀಗಿತ್ತಾ?" ಎನ್ನುತ್ತಿದ್ದರು. ಇನ್ನೊಂದು ಕಡೆ ಶಾಸ್ತ್ರ ಸಂಪ್ರದಾಯ ಎಂದರೆ ಒಂದು ಕೂದಲೆಳೆಯೂ ಆಚೀಚೆ ಆಗುವಂತಿಲ್ಲ. ಹೀಗೆ ನಮ್ಮ ಮನೆಯಲ್ಲಿ ವಿಲಾಯತಿ ಶಿಸ್ತು, ಸ್ವದೇಶಿ ಮಡಿ ಎರಡೂ ಒಬ್ಬರ ತಲೆಯೊಳಗೆ ಬಾಡಿಗೆಗಿದ್ದವು. ಕೆಟ್ಟವರಲ್ಲ. ತಂಗಿಗೆ ಜ್ವರ ಬಂದರೆ ಡಾಕ್ಟರ ಮನೆ ಬಾಗಿಲು ಬಡಿಯಲು ಮೊದಲು ಓಡುತ್ತಿದ್ದವರು ಅವರೇ. ಆದರೆ ಆ ತಂಗಿಗೆ ಒಂದು ಅಭಿಪ್ರಾಯವೆಂಬುದು ಇದ್ದೀತು ಎಂಬ ಅನುಮಾನ ಅವರಿಗೆ ಬಂದದ್ದೇ ಇಲ್ಲ.

ವಿಶಾಲತ್ತೆಗೆ ಟ್ರಿನಿಡಾಡಿನ ಹುಚ್ಚು ಹಿಡಿಸಿದ್ದು ಅವಳ ಕ್ಲಾಸಿನ ಒಬ್ಬ ಹುಡುಗಿ. ಇಂಡಿಯಾ ಹುಡುಕಿಕೊಂಡು ಹೊರಟು ದಾರಿ ತಪ್ಪಿದ ನಾವಿಕನೊಬ್ಬ ಟ್ರಿನಿಡಾಡ್ ಸೇರಿದ ವೆಸ್ಟ್ ಇಂಡೀಸ್ ದ್ವೀಪಗಳನ್ನು ಕಂಡುಹಿಡಿದ ಎಂದು ಪಠ್ಯದಲ್ಲಿತ್ತು. ಹುಡುಗಿ ಎದ್ದು ನಿಂತು, "ಮಿಸ್, ಅವನು ಹೋಗೋಕೆ ಮುಂಚೆ ಅಲ್ಲಿ ಜನ ಇರ್ಲಿಲ್ವಾ?" ಎಂದಳಂತೆ. ಇದ್ದರು ಎಂದಳು ಅತ್ತೆ. "ಹಾಗಾದ್ರೆ ಅವರು ಕಂಡುಹಿಡಿದಿರ್ಲಿಲ್ವಾ ಮಿಸ್?" ಎಂದಿತು ಆ ಮಗು. ಉತ್ತರ ಪುಸ್ತಕದಲ್ಲಿರಲಿಲ್ಲ. ಅವತ್ತು ಸಾಯಂಕಾಲ ಅತ್ತೆ ಲೈಬ್ರರಿಗೆ ಹೋದಳು, ಆಮೇಲೆ ವರ್ಷಗಟ್ಟಲೆ ಹೋಗುತ್ತಲೇ ಇದ್ದಳು. ಆ ನಾವಿಕನ ಹೆಸರನ್ನು ಮನೆಯಲ್ಲಿ ಮತ್ತೆ ಎತ್ತಲಿಲ್ಲ. "ಆ ದಾರಿ ತಪ್ಪಿದೋನು" ಎನ್ನುತ್ತಿದ್ದಳು. ಅಜ್ಜಿಯಂತೂ ವೆಸ್ಟ್ ಇಂಡೀಸ್ ಎಂದರೆ ಬೊಂಬಾಯಿ ಕಡೆ ಎಂದು ಕೊನೆಯತನಕ ನಂಬಿದ್ದರು. ಅವರನ್ನು ತಿದ್ದಲು ಹೋದರೆ ಅತ್ತೆ ಬಿಡುತ್ತಿರಲಿಲ್ಲ. "ಅವನೂ ಇದೇ ತಪ್ಪು ಮಾಡಿದ್ದು. ಅಮ್ಮ ಪಾಪ ಯಾರ ನೆಲಾನೂ ಕಿತ್ಕೊಂಡಿಲ್ಲ" ಎನ್ನುತ್ತಿದ್ದಳು.

ಊಟಕ್ಕೆ ಕೂತಾಗ ನಮಗೆ ಹುಳಿಯ ಜೊತೆ ಆ ದ್ವೀಪದ ಕತೆಯೂ ಬಡಿಸಿ ಬರುತ್ತಿತ್ತು. ಮೊದಲು ಸ್ಪೇನಿನವರು ಬಂದರು, ಮೂಲದ ಜನ ದುಡಿದು ಸತ್ತು ಕರಗಿಹೋದರು. ಫ್ರೆಂಚ್ ತೋಟಗಾರರು ಆಫ್ರಿಕಾದ ಗುಲಾಮರನ್ನು ಕರೆತಂದರು. ಅವರ ಮೇಲೆ ಬ್ರಿಟಿಷರು. ಗುಲಾಮಗಿರಿ ರದ್ದಾದಾಗ ಕಬ್ಬು ಕಡಿಯಲು ಕೈ ಬೇಕಲ್ಲ, ಕಲ್ಕತ್ತೆಯಿಂದ, ಮದರಾಸಿನಿಂದ ನಮ್ಮವರನ್ನೇ ಕರಾರಿನ ಕೂಲಿಗಳಾಗಿ ಹಡಗು ಹತ್ತಿಸಿದರು. ಚೀಟಿ ಇಲ್ಲದೆ ತೋಟದಿಂದಾಚೆ ಕಾಲಿಟ್ಟರೆ ಆ ಕೂಲಿಗೆ ಜೈಲು. ಇಷ್ಟಕ್ಕೆ ಬಂದಾಗ ಅತ್ತೆ ದೊಡ್ಡಪ್ಪನ ಕಡೆ ನೋಡಿ, "ಎಲ್ಲಿಗ್ ಹೋಗ್ತೀಯ, ಎಷ್ಟೊತ್ತಿಗ್ ಬರ್ತೀಯ ಅಂತ ನನ್ನನ್ನೂ ದಿನಾ ಕೇಳ್ತಾರೆ, ಚೀಟಿ ಒಂದು ಕೊಡೋದಿಲ್ಲ ಅಷ್ಟೆ" ಎನ್ನುತ್ತಿದ್ದಳು. ದೊಡ್ಡಪ್ಪ ಮಜ್ಜಿಗೆ ಕೇಳುತ್ತಿದ್ದರು.

ಆ ದ್ವೀಪಗಳನ್ನೆಲ್ಲ ಬ್ರಿಟಿಷರು ಒಂದು ಫೆಡರೇಶನ್ ಎಂದು ಒಟ್ಟಿಗೆ ಕಟ್ಟಿದ್ದರು. ಮೊದಲು ಜಮೈಕಾ, ಹಿಂದೆಯೇ ಟ್ರಿನಿಡಾಡ್ ಹೊರಬಂದ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಬಂದಿತ್ತು. ನಮ್ಮ ಕ್ರಿಕೆಟ್ ಟೀಮು ಅದೇ ವರ್ಷ ಅಲ್ಲಿಗೆ ಹೋಗಿ ಎಲ್ಲ ಪಂದ್ಯವನ್ನೂ ಸೋತು ಬಂದಿದ್ದರಿಂದ ದೊಡ್ಡಪ್ಪನಿಗೆ ಆ ಜನರ ಮೇಲೆ ಮೊದಲೇ ಕೋಪವಿತ್ತು. "ಒಗ್ಗಟ್ಟಿಲ್ಲದ ಜನ. ಬೇರೆ ಆದ್ರೆ ಹಾಳಾಗ್ತಾರೆ ನೋಡ್ತಿರು" ಎಂದರು.

"ಹಾಳಾಗೋದೇ ಆದ್ರೆ ತಮ್ಮ ಕೈಯಿಂದ್ಲೇ ಹಾಳಾಗ್ಲಿ ಬಿಡು ಅಣ್ಣಯ್ಯ" ಎಂದಳು ಅತ್ತೆ.

ನನ್ನಪ್ಪ ಎಲೆಯ ಮೇಲೆ ಬಗ್ಗಿ ಉಪ್ಪಿನಕಾಯಿಯನ್ನು ಬಹಳ ಹೊತ್ತು ಪರೀಕ್ಷೆ ಮಾಡಿದರು. ಮನೆಯಲ್ಲಿ ಜಗಳದ ಸೂಚನೆ ಕಂಡರೆ ಅಪ್ಪ ಊಟದಲ್ಲಿ ಇಲ್ಲವೇ ಪೇಪರಿನಲ್ಲಿ ಮುಳುಗಿಬಿಡುತ್ತಿದ್ದರು. ಆ ಗುಣ ನನಗೂ ಬಂದಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಈಗ ಮನೆಯ ವಿಷಯ. ಜಯನಗರದಲ್ಲಿ ಸೈಟುಗಳನ್ನು ಹಂಚುತ್ತಿದ್ದಾಗ ಅತ್ತೆ ಅರ್ಜಿ ಹಾಕಿ ತನ್ನ ಹೆಸರಿಗೊಂದು ಸೈಟು ಪಡೆದಿದ್ದಳು. ತನ್ನ ಸಂಬಳದಲ್ಲೇ ಕಟ್ಟಿಸಿದಳು. ಗಾರೆಯವರನ್ನು ಕರೆತಂದು, ಬಿಸಿಲಲ್ಲಿ ನಿಂತು, ಗೋಡೆ ಡೊಂಕಾಗದಂತೆ ನೋಡಿಕೊಂಡವರು ದೊಡ್ಡಪ್ಪ, ಅದನ್ನು ಇಲ್ಲವೆನ್ನಬಾರದು. ಆದರೆ ಗೋಡೆ ಏಳುತ್ತಿದ್ದಂತೆ ಮನೆ ತಮ್ಮದೇ ಎಂಬ ಭಾವನೆಯೂ ಅವರಲ್ಲಿ ಎದ್ದಿತು. ರೈಲು ಹಾಕಿಸಿಕೊಟ್ಟವರು ನಾವಲ್ಲವೇ ಎಂದು ಇಂಗ್ಲಿಷರು ಹೇಳುತ್ತಿದ್ದರಲ್ಲ, ಆ ಥರ. ಮನೆ ಮುಗಿದದ್ದೇ, ಮೈಸೂರಿನಿಂದ ವರ್ಗವಾಗಿ ಬರುತ್ತಿದ್ದ ತಮ್ಮ ಸ್ನೇಹಿತರೊಬ್ಬರಿಗೆ ಬಾಡಿಗೆಗೆ ಕೊಡುವುದಾಗಿ ಮಾತು ಕೊಟ್ಟುಬಿಟ್ಟರು. ವಿಜಯದಶಮಿಯ ದಿನ ಅವರು ಸಾಮಾನಿನೊಂದಿಗೆ ಬರುವುದು, ಅತ್ತೆ ಬಸವನಗುಡಿಯಲ್ಲೇ ಎಂದಿನಂತೆ ಇರುವುದು ಎಂದು ತೀರ್ಮಾನ. ತೀರ್ಮಾನವನ್ನು ಅತ್ತೆಗೆ ತಿಳಿಸಿದ್ದು ಕಾಫಿ ಕುಡಿಯುತ್ತ.

"ನನ್ನ ಮನೇಲಿ ನಾನೇ ಇರ್ತೀನಿ" ಎಂದಳು ಅತ್ತೆ.

"ಒಂಟಿ ಹೆಂಗ್ಸು ಬೇರೆ ಮನೆ ಮಾಡ್ಕೊಂಡಿರೋದು ಅಂದ್ರೇನು? ಸುತ್ತ ಬಯಲು, ಸಂಜೆ ಆದ್ರೆ ನರಿ ಕೂಗತ್ತೆ. ಜನ ಏನಂತಾರೆ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ವಿಶಾಲು."

ಗೌರಿ ಹಬ್ಬ ಕಳೆದ ಭಾನುವಾರ ಅತ್ತೆ ಒಂದು ಎತ್ತಿನ ಗಾಡಿಗೆ ತನ್ನ ಟ್ರಂಕು, ಪುಸ್ತಕದ ಬೀರು, ಒಂದು ಸ್ಟೌ ಹೇರಿಸಿ ಹೊರಟಳು. ಟ್ರಿನಿಡಾಡಿನಲ್ಲಿ ಬ್ರಿಟಿಷ್ ಬಾವುಟ ಇಳಿದು ಒಂದೆರಡು ವಾರವಾಗಿತ್ತು. ದೊಡ್ಡಪ್ಪ ಜಗಲಿಯಲ್ಲಿ ನಿಂತು, ಅವಳಲ್ಲಿಗೆ ಮನೆಯವರು ಯಾರೂ ಹೋಗಕೂಡದು, ಹಸಿವಾದರೆ ತಾನೇ ಬರುತ್ತಾಳೆ, ಬರದಿದ್ದರೆ ದಶಮಿಯ ದಿನ ನಾನೇ ಹೋಗಿ ಕರೆತರುತ್ತೇನೆ ಎಂದು ಸಾರಿದರು. ಹೋಗುತ್ತಿದ್ದ ಗಾಡಿಯನ್ನು ನೋಡುತ್ತ ನಾನು ಅತ್ತುಬಿಟ್ಟೆ. ಅವಳು ಸೋತು ವಾಪಸ್ ಬರುತ್ತಾಳಲ್ಲ, ಆಮೇಲೆ ಈ ಮನೆಯಲ್ಲಿ ಯಾವ ಹೆಣ್ಣೂ ಬಾಯಿ ತೆರೆಯುವಂತಿಲ್ಲ ಎನ್ನುವುದು ನನ್ನ ಅಳುವಿನ ಕಾರಣ. ಹದಿನೆಂಟು ವರ್ಷದ ಕಾಲೇಜು ಹುಡುಗಿ ನಾನು, ಮುಂದಿನ ಸರದಿ ನನ್ನದೆಂದು ಗೊತ್ತಿತ್ತು.

ಮರುವಾರದಿಂದಲೇ ಲೈಬ್ರರಿಗೆ ಹೋಗುತ್ತೇನೆಂದು ಹೇಳಿ ಅಶೋಕ ಪಿಲ್ಲರ್ ದಾಟಿ ಜಯನಗರಕ್ಕೆ ನಡೆಯತೊಡಗಿದೆ. ಅಪ್ಪ ಪೇಪರಿನ ಹಿಂದಿನಿಂದಲೇ "ಕೊಡೆ ತಗೊಂಡ್ ಹೋಗು" ಎನ್ನುತ್ತಿದ್ದರು. ಅವರಿಂದಾಗುವ ಬಂಡಾಯ ಅಷ್ಟೇ.

ನೀವು ಹಳೆಯ ಮೈಸೂರಿನ ಕಡೆಯವರಾದರೆ ದಸರೆಯ ಗೊಂಬೆಯ ಬಗ್ಗೆ ಹೇಳಬೇಕಾಗಿಲ್ಲ. ಅಲ್ಲದವರಿಗಾಗಿ ಎರಡು ಮಾತು. ನವರಾತ್ರಿಯ ಮೊದಲ ದಿನ ಮನೆಯಲ್ಲಿ ಮೆಟ್ಟಿಲು ಜೋಡಿಸಿ ಗೊಂಬೆ ಕೂರಿಸುತ್ತೇವೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆ, ಅಂದರೆ ಮರದ ರಾಜ ರಾಣಿಯ ಜೋಡಿ. ಅದನ್ನು ಮದುವೆಯಲ್ಲಿ ಮಗಳಿಗೆ ತವರಿನವರು ಕೊಡಬೇಕು. ದಿನಾ ಸಂಜೆ ಅಕ್ಕಪಕ್ಕದ ಹೆಂಗಸರು ಬಂದು ಆರತಿ ಎತ್ತುತ್ತಾರೆ. ಮುಖ್ಯವಾದದ್ದು ಇದು: ಒಮ್ಮೆ ಕೂತ ಗೊಂಬೆಯನ್ನು ನಡುವೆ ಎಬ್ಬಿಸುವಂತಿಲ್ಲ, ಅಲುಗಿಸುವಂತಿಲ್ಲ. ದಶಮಿಯ ಸಂಜೆ ಆರತಿಯಾದ ಮೇಲೆ ಪಟ್ಟದ ಗೊಂಬೆಯನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಎತ್ತಿಡುವುದು. ಬಸವನಗುಡಿಯ ಮನೆಯಲ್ಲಿ ಒಮ್ಮೆ ಗೊಂಬೆಯ ಹಿಂದೆ ಹಲ್ಲಿ ಸತ್ತು ನಾಲ್ಕು ದಿನ ನಾತ ಹೊಡೆದರೂ ದೊಡ್ಡಪ್ಪ ಮೆಟ್ಟಿಲು ಮುಟ್ಟಲು ಬಿಟ್ಟಿರಲಿಲ್ಲ.

ಅತ್ತೆಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಬಾಡಿಗೆಯವರ ಸಾಮಾನು ಬರುವುದು ದಶಮಿಯ ಬೆಳಿಗ್ಗೆ, ಗೊಂಬೆ ಏಳುವುದು ಅದರ ಮರುದಿನ. "ಅಣ್ಣಯ್ಯ ನನ್ನ ಮಾತು ಮೀರ್ತಾನೆ, ಶಾಸ್ತ್ರ ಮೀರಲ್ಲ" ಎಂದು ಕನ್ನಡಕ ಮೇಲೇರಿಸಿದಳು. ಹೀಗೆ ಈ ನಡುಮನೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ, ಕಾಲಿಡಲು ಜಾಗವಿಲ್ಲದಂತೆ, ಟ್ರಿನಿಡಾಡ್ ತಯಾರಾಯಿತು.

ಟ್ರಂಕು, ಸ್ಟೂಲುಗಳ ಮೇಲೆ ಬಿಳಿ ಪಂಚೆ ಹಾಸಿ ಮೆಟ್ಟಿಲು. ಕೆಳಗೆ ನೆಲದ ಮೇಲೆ ಮರಳಿನ ದ್ವೀಪ, ಸುತ್ತ ನೀಲಿ ಕಾಗದದ ಸಮುದ್ರ. ಅವಳ ಸ್ಕೂಲಿನ ಹುಡುಗಿಯರು ತಂತಮ್ಮ ಮನೆಯಿಂದ ಒಂದೊಂದು ಹಳೆಯ ಗೊಂಬೆ ತಂದರು. ರಾಗಿ ಮೊಳಕೆಯ ತಟ್ಟೆಗಳು ಕಬ್ಬಿನ ಗದ್ದೆ. ಬೆಂಕಿಪೊಟ್ಟಣದ ಸಾಲು ಕೂಲಿಗಳ ಲೈನುಮನೆ. ಹಡಗು ಮಾಡುವ ಕೆಲಸ ನನ್ನದು. ನಾನು ಮಾಡಿದ ಹಡಗು ಮೂರು ಸಲ ತಾನಾಗಿಯೇ ಮಗುಚಿಕೊಂಡಿತು. "ಇದೇ ಹಡಗಲ್ಲಿ ಅವನು ಹೊರಟಿದ್ರೆ ಜಗತ್ತಿಗೆ ಎಷ್ಟು ಉಪಕಾರ ಆಗ್ತಿತ್ತು!" ಎಂದಳು ಅತ್ತೆ. ದಾರಿ ತಪ್ಪಿದವನ ಪಾತ್ರಕ್ಕೆ ಶೆಟ್ಟಿ ಗೊಂಬೆಯ ಪೇಟದ ಮೇಲೆ ರಟ್ಟಿನ ಟೋಪಿ ಕೂರಿಸಿದೆವು. ದಸರೆಯಲ್ಲಿ ಅಕ್ಕಿ ಬೇಳೆ ಅಂಗಡಿ ಇಟ್ಟುಕೊಂಡು ಕೂರುವ ಆ ಡೊಳ್ಳುಹೊಟ್ಟೆಯ ಗೊಂಬೆ ಅವನಿಗೆ ಚೆನ್ನಾಗಿಯೇ ಒಪ್ಪಿತು, ವ್ಯಾಪಾರಕ್ಕೆಂದೇ ಹೊರಟವನಲ್ಲವೇ. ಹೊಸ ದೇಶದ ಬಾವುಟವನ್ನು ನಾನೇ ಹೊಲಿದೆ. ಕೆಂಪು ಬಟ್ಟೆ, ಮೂಲೆಯಿಂದ ಮೂಲೆಗೆ ಓರೆಯಾಗಿ ಕಪ್ಪು ಪಟ್ಟಿ, ಅದರ ಎರಡು ಅಂಚಿಗೆ ಬಿಳಿ. ಪಟ್ಟಿಯನ್ನು ನಾನು ಹೊಲಿದದ್ದು ಉಲ್ಟಾ ದಿಕ್ಕಿಗೆ ಎಂದು ತಿಳಿಯುವಷ್ಟರಲ್ಲಿ ಎಷ್ಟೋ ವರ್ಷ ಕಳೆದಿತ್ತು.

ಹಿತ್ತಿಲಲ್ಲಿ ಖಾಲಿ ಸೀಮೆಎಣ್ಣೆ ಡಬ್ಬಗಳನ್ನು ಹುಡುಗಿಯರು ಬಡಿದು ಅಭ್ಯಾಸ ಮಾಡುತ್ತಿದ್ದರು. ಅಲ್ಲಿಯ ಗುಲಾಮರ ಮಕ್ಕಳು ಮೊಮ್ಮಕ್ಕಳು ಡೋಲು ಬಡಿದರೆ ದೊರೆಗಳಿಗೆ ನಡುಕವಂತೆ, ಕಾನೂನು ಮಾಡಿ ನಿಲ್ಲಿಸಿದರು. ಜನ ಬಿದಿರು ಬಡಿದರು, ಅದಕ್ಕೂ ಅಡ್ಡಿ ಬಂತು. ಬಿಸ್ಕತ್ತಿನ ಡಬ್ಬ, ಕಸದ ತೊಟ್ಟಿಯ ಮುಚ್ಚಳ, ಕೊನೆಗೆ ಎಣ್ಣೆಯ ಪೀಪಾಯಿಗಳನ್ನೇ ತಟ್ಟಿ ತಟ್ಟಿ ಅದರಲ್ಲಿ ಸ್ವರ ಎಬ್ಬಿಸಿದರು. "ಬಾಯಿ ಮುಚ್ಚಿಸಿದ್ರೆ ತಗಡು ಮಾತಾಡತ್ತೆ, ಗಟ್ಟಿಯಾಗಿ ಬಡೀರೇ" ಎಂದು ಅತ್ತೆ ಹುರಿದುಂಬಿಸುತ್ತಿದ್ದಳು. ನಮ್ಮ ಡಬ್ಬಗಳಿಂದ ಸ್ವರವೇನೂ ಏಳಲಿಲ್ಲ, ವಾಸನೆ ಮಾತ್ರ ಧಾರಾಳವಾಗಿ ಎದ್ದಿತು.

ರಾಗಿ ಕೊಟ್ಟವಳು ಪಕ್ಕದ ಸಾರಕ್ಕಿ ಹಳ್ಳಿಯಿಂದ ಹಾಲು ತರುತ್ತಿದ್ದ ಮುನಿಯಮ್ಮ. ಅವಳ ಮನೆಯವರ ಹೊಲ ಇದೇ ಜಯನಗರ ಬಡಾವಣೆಗೆ ಹೋಗಿತ್ತು. ಹಾಲಿನ ಕ್ಯಾನು ಬಾಗಿಲಲ್ಲಿಟ್ಟು ಹಡಗು, ಗದ್ದೆ, ಮೂಲೆಗೆ ಒತ್ತರಿಸಿದ ಮೂಲದ ಜನರ ಗೊಂಬೆ ಎಲ್ಲವನ್ನೂ ನೋಡಿದಳು. ಅತ್ತೆ ಕತೆ ಹೇಳಿದಳು.

"ಆ ಜನಕ್ಕೆ ಪರಿಹಾರ ಕೊಟ್ರಾ ಅವ್ವ?"

"ಇಲ್ಲ ಮುನಿಯಮ್ಮ. ಏನೂ ಕೊಡ್ಲಿಲ್ಲ."

"ನಮ್ಗೆ ಕೊಟ್ರು ಕಣವ್ವ. ನಮ್ಮನ್ನ ಒಂದು ಮಾತು ಕೇಳ್ಲಿಲ್ಲ ಅಷ್ಟೇಯ."

ಅತ್ತೆ ಎದ್ದು ಹಾಲಿನ ಪಾತ್ರೆ ತಂದಳು. ತನ್ನ ಸ್ವಾತಂತ್ರ್ಯದ ಮನೆಯ ಕೆಳಗೆ ಯಾರದೋ ಹೊಲವಿದೆ ಎಂಬುದು ಅವಳಿಗೆ ತಿಳಿಯದ ವಿಷಯವಲ್ಲ, ಆದರೆ ತಿಳಿದ ವಿಷಯವನ್ನು ಮುಖಕ್ಕೆ ಹೇಳಿಸಿಕೊಳ್ಳುವುದು ಬೇರೆ. ಮುನಿಯಮ್ಮನೇನೋ ಹಾಗೆಂದು ಹಾಲು ಅಳೆದು ಹೋದಳು. ನಾನೂ ಇವತ್ತು ಯಾರದೋ ಹೊಲದ ಮೇಲಿನ ಇದೇ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಮೇಲಿನ ಮೆಟ್ಟಿಲು ಮಾತ್ರ ಖಾಲಿ. ಮದುವೆಯಾಗದವಳಿಗೆ ಪಟ್ಟದ ಗೊಂಬೆ ಎಲ್ಲಿಂದ ಬರಬೇಕು? ಮೂರನೆಯ ದಿನ ಅಜ್ಜಿ ದೇವಸ್ಥಾನಕ್ಕೆಂದು ಹೊರಟು ಜಟಕಾವನ್ನು ನೇರ ಇಲ್ಲಿಗೆ ಹೊಡೆಸಿಕೊಂಡು ಬಂದರು. ಮಗಳ ಮನೆಯನ್ನೆಲ್ಲ ನೋಡಿ, ನೀರು ಕುಡಿದು, ಖಾಲಿ ಮೆಟ್ಟಿಲಿನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನಿನ್ನ ಮದುವೆಗೆ ಅಂತ ತೆಗೆದಿಟ್ಟಿದ್ದ ಜೋಡಿ ನನ್ನ ಪೆಟ್ಟಿಗೇಲೇ ಇದೆ ವಿಶಾಲು. ಕಳಿಸ್ತೀನಿ, ಕೂರಿಸ್ಕೋ."

ಅತ್ತೆಯ ಕಣ್ಣು ತುಂಬಿತು. ಆದರೂ ಬೇಡವೆಂದಳು. "ನನ್ನ ಮನೇಲಿ ಆ ಮೆಟ್ಟಿಲು ಖಾಲೀನೇ ಇರ್ಲಮ್ಮ. ಯಾರೂ ಮೇಲೆ ಕೂತ್ಕೊಳೋದು ಬೇಡ."

ನಾನು ಬುದ್ಧಿವಂತೆಯಂತೆ ಮಧ್ಯೆ ಬಾಯಿ ಹಾಕಿದೆ. ಸ್ವಾತಂತ್ರ್ಯ ಬಂದರೂ ಇಂಗ್ಲೆಂಡಿನ ರಾಣಿಯೇ ಅವರಿಗೂ ರಾಣಿ, ಪೇಪರಿನಲ್ಲಿದೆ ಎಂದೆ. "ಗೊತ್ತು. ಹೆಸರಿಗೆ ಇಟ್ಕೊಂಡಿದಾರೆ. ಇವತ್ತಲ್ಲ ನಾಳೆ ಅವರೂ ಇಳಿಸ್ತಾರೆ. ಅಲ್ಲೀತನಕ ನಾನು ಕಾಯ್ಬೇಕು ಅಂತ ಏನಿಲ್ಲವಲ್ಲ" ಎಂದಳು. ಹದಿನಾಲ್ಕು ವರ್ಷದ ಮೇಲೆ ಅವರು ಇಳಿಸಿದರು ಕೂಡ.

ಮೊದಮೊದಲು ಸುತ್ತಲಿನ ಹೆಂಗಸರಿಗೆ ದಿಗಿಲು. ಹಬ್ಬದಲ್ಲಿ ಕಪ್ಪು ಬಟ್ಟೆಯ ಬಾವುಟವೇ, ರಾಜ ರಾಣಿ ಇಲ್ಲದ ಗೊಂಬೆಯೇ ಎಂದು ಗೊಣಗಿದರು. ಎದುರು ಸಾಲಿನ ರಾಜಮ್ಮ ಮಾತ್ರ ಮರುದಿನ ಮತ್ತೆ ಬಂದರು, ಇನ್ನಿಬ್ಬರನ್ನು ಕರೆದುಕೊಂಡು. ಆಗ ಜಯನಗರವೆಂದರೆ ಒಂದು ಮನೆ, ನಾಲ್ಕು ಖಾಲಿ ಸೈಟು, ಮತ್ತೊಂದು ಮನೆ. ಆ ಬಯಲಲ್ಲಿ ಸಾಯಂಕಾಲ ದೀಪ ಹಚ್ಚಿದ ಮನೆ ಸಿಕ್ಕುವುದೇ ಒಂದು ಸುಖ. ಐದನೆಯ ದಿನದ ಹೊತ್ತಿಗೆ ಆರತಿಗೆ ನಿಲ್ಲಲು ಜಾಗವಿರಲಿಲ್ಲ. ಡಬ್ಬದ ಸದ್ದಿಗೆ ಹಾಡುವವರು, ಕಡಲೆ ಉಸಲಿ ತಿನ್ನುತ್ತ ಕತೆ ಕೇಳುವವರು, ಸಪ್ಪಗಿದ್ದ ಕೂಲಿ ಗೊಂಬೆಗಳಿಗೆ ಮನೆಯಿಂದ ಪುಟ್ಟ ಸೀರೆ ಹೊಲಿದು ತಂದವರು. ಜನರನ್ನು ಕಂಡಾಗ ನನಗೆ ಧೈರ್ಯ ಬರುತ್ತಿತ್ತು. ಮನೆಗೆ ಹಿಂದಿರುಗಿ ದೊಡ್ಡಪ್ಪನ ಮುಖ ಕಂಡಾಗ ಅದು ಇಳಿದುಹೋಗುತ್ತಿತ್ತು.

ದಶಮಿಯ ಬೆಳಿಗ್ಗೆ ಒಂದು ಜಟಕಾ, ಅದರ ಹಿಂದೆ ಸಾಮಾನು ತುಂಬಿದ ಗಾಡಿ ಬಂದು ಗೇಟಿನೆದುರು ನಿಂತವು. ಜಟಕಾದಿಂದ ದೊಡ್ಡಪ್ಪ, ಅವರ ಸ್ನೇಹಿತರು, ಸ್ನೇಹಿತರ ಹೆಂಡತಿ ಇಳಿದರು. ನಾನು ಬೆಳಿಗ್ಗೆಯೇ ಬಂದು ಇಲ್ಲಿದ್ದೆ. ದೊಡ್ಡಪ್ಪ ನನ್ನನ್ನು ನೋಡಿದ ನೋಟಕ್ಕೆ ಅಡುಗೆಮನೆಗೆ ಓಡಿ ಬಾಗಿಲ ಸಂದಿಯಿಂದ ಇಣುಕಿದೆ. ಅಪ್ಪನ ಗುಣವೆಂದೆನಲ್ಲ, ಇದೇ.

"ಸಾಕು ವಿಶಾಲು ನಿನ್ನ ಆಟ. ಸಾಮಾನು ಬಂದಿದೆ, ಒಳಗಿಡ್ಬೇಕು. ನಡಿ ಮನೆಗೆ" ಎಂದರು ದೊಡ್ಡಪ್ಪ.

ಅತ್ತೆ ಹೊಸ್ತಿಲ ಒಳಗೆ ನಿಂತಿದ್ದಳು. "ಗೊಂಬೆ ಕೂತಿದೆ ಅಣ್ಣಯ್ಯ. ಮಲಗಿಸೋದು ಸಾಯಂಕಾಲ, ಎತ್ತೋದು ನಾಳೆ. ನಿಂಗೊತ್ತಲ್ಲ."

ದೊಡ್ಡಪ್ಪ ಬಾಗಿಲಲ್ಲೇ ನಿಂತು ಇಡೀ ದ್ವೀಪವನ್ನು ನೋಡಿದರು. ಗಾಡಿಯವನಿಗೆ ತಡೆ ಎಂದು ಕೈಸನ್ನೆ ಮಾಡಿದರು. ಗೆದ್ದೆವು ಎಂದುಕೊಂಡೆ. ಅಷ್ಟರಲ್ಲಿ ಅವರ ಕಣ್ಣು ಮೇಲೆ ಹೋಯಿತು.

"ಪಟ್ಟದ ಗೊಂಬೆ ಎಲ್ಲಿ?"

"ಇಲ್ಲ."

"ಪಟ್ಟದ ಗೊಂಬೆ ಇಲ್ದೆ ಇದ್ರೆ ಇದು ಗೊಂಬೆ ಕೂರಿಸಿದ್ದೇ ಅಲ್ಲ. ನೆಲದ ಮೇಲೆ ಆಟದ ಸಾಮಾನು ಹರಡಿದೀಯ. ಶಾಸ್ತ್ರ ಇದಕ್ಕೆ ಬರಲ್ಲ. ಎತ್ತಿಸು!"

ಅಜ್ಜಿ ಕೊಡುತ್ತೇನೆಂದಾಗ ತೆಗೆದುಕೊಂಡಿದ್ದರೆ ಆಗುತ್ತಿತ್ತಲ್ಲ, ಈ ಹಟ ಏಕೆ ಬೇಕಿತ್ತು ಎಂದು ಒಳಗೊಳಗೇ ಅತ್ತೆಯನ್ನೇ ಬೈದುಕೊಂಡೆ. ಗಾಡಿಯ ಸದ್ದು ಕೇಳಿ ಎದುರು ಸಾಲಿನ ಹೆಂಗಸರೆಲ್ಲ ಗೇಟಿನ ಬಳಿ ಸೇರಿದ್ದರು. ಅತ್ತೆ ಅವರ ಕಡೆ ಕೈ ತೋರಿಸಿದಳು.

"ರಾಜ ಇದ್ರೇನೇ ರಾಜ್ಯ ಅಂತ ಯಾವ ಶಾಸ್ತ್ರದಲ್ಲಿದೆ ಅಣ್ಣಯ್ಯ? ಒಂಬತ್ತು ಸಾಯಂಕಾಲ ಇವರೆಲ್ಲ ಬಂದು ಆರತಿ ಮಾಡಿದಾರೆ. ಇದು ಗೊಂಬೆ ಹೌದೋ ಅಲ್ವೋ ಅವರನ್ನ ಕೇಳು."

ಗೇಟಿನ ಬಳಿಯಿಂದ ರಾಜಮ್ಮ ಸೆರಗು ಸರಿಮಾಡಿಕೊಂಡು ಬಂದರು. ಗಂಡಸರೆದುರು ಜೋರಾಗಿ ಮಾತಾಡಿ ಅಭ್ಯಾಸವಿಲ್ಲದವರು. ಮುಖ ಕೆಂಪಾಗಿತ್ತು. "ನಾವು ಎತ್ತಿದ ಆರತಿ ಸುಳ್ಳಾ ಸ್ವಾಮಿ? ಗೊಂಬೆ ಕೂತಿವೆ. ಎಬ್ಬಿಸೋದಾದ್ರೆ ನೀವೇ ಎಬ್ಬಿಸಿ. ನಮ್ಮ ಕೈಲಂತೂ ಆಗಲ್ಲ."

ದೊಡ್ಡಪ್ಪ ಕೈ ಮುಂದೆ ಮಾಡಿದರು. ಹತ್ತಿರದಲ್ಲೇ ಇದ್ದ ಒಂದು ಪುಟ್ಟ ಗೊಂಬೆಯವರೆಗೆ ಬಂದ ಕೈ ಅಲ್ಲೇ ನಿಂತುಬಿಟ್ಟಿತು. ಅವರಿಂದ ಮುಟ್ಟಲಾಗಲಿಲ್ಲ.

ಜಟಕಾದ ಪಕ್ಕ ನಿಂತಿದ್ದ ಸ್ನೇಹಿತರ ಹೆಂಡತಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಗೊಂಬೆಗಳಿಗೆ ಕೈಮುಗಿದು ಅತ್ತೆಯನ್ನು ಕೇಳಿದರು: "ಈ ಮನೆ ಯಾರ್ದಮ್ಮ?"

"ನಂದು."

"ನೀವು ಇಲ್ಲೇ ಇರ್ತೀರಾ?"

"ಇಲ್ಲೇ ಇರ್ತೀನಿ."

ಆಕೆ ಗಂಡನ ಕಡೆ ತಿರುಗಿದರು. "ಖಾಲಿ ಮನೆ ಅಂದಿದ್ರು ನಮಗೆ. ಇರೋರನ್ನ ಎಬ್ಬಿಸಿ ನಾನು ಒಲೆ ಹಚ್ಚಲ್ಲ ರೀ. ಬೇರೆ ನೋಡೋಣ ನಡೀರಿ."

ಅತ್ತೆ ಆಕೆಗೆ ಕುಂಕುಮ ಕೊಟ್ಟು, ಎಲೆಯಡಿಕೆ ಕೊಟ್ಟು, ಉಸಲಿ ಕಟ್ಟಿಕೊಟ್ಟಳು. ಗಾಡಿ ತಿರುಗಿತು. ದೊಡ್ಡಪ್ಪ ಜಟಕಾ ಹತ್ತದೆ ನಡೆದೇ ಹೋದರು. ಅವರ ಬೆನ್ನು ನೋಡಿ ಅತ್ತೆ ಅತ್ತಳು, ಅದನ್ನು ನಾನು ಮುಚ್ಚಿಡುವುದಿಲ್ಲ. ಗೆದ್ದ ಮೇಲೂ ಅಳು ಬರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಸಂಜೆ ಆರತಿಯಾದ ಮೇಲೆ ಹೊಸ ತೊಡಕು. ಮಲಗಿಸಲು ರಾಜ ರಾಣಿ ಇಲ್ಲ, ಯಾರನ್ನು ಮಲಗಿಸುವುದು? ಹೆಂಗಸರಲ್ಲಿ ಚರ್ಚೆಯಾಯಿತು. ಅತ್ತೆ ರಟ್ಟಿನ ಟೋಪಿಯ ಶೆಟ್ಟಿಯನ್ನು ಎತ್ತಿ ಮರಳಿನ ಮೇಲೆ ಅಂಗಾತ ಮಲಗಿಸಿದಳು. "ಇವನು ಮಲಗ್ಲಿ. ನಾನೂರು ವರ್ಷದ ಮೇಲಾಯ್ತು ಪಾಪ, ಕಣ್ಣೇ ಮುಚ್ಚಿಲ್ಲ." ಹುಡುಗಿಯರು ಡಬ್ಬ ಬಡಿದ ಅಬ್ಬರಕ್ಕೆ ಖಾಲಿ ಸೈಟುಗಳ ನಾಯಿಗಳೆಲ್ಲ ಬೊಗಳಿದವು.

ದೊಡ್ಡಪ್ಪ ಒಂದು ವರ್ಷದವರೆಗೆ ಮಾತು ಬಿಟ್ಟಿದ್ದರು. ಮುಂದಿನ ದಸರೆಯಲ್ಲಿ ಒಂದು ಸಾಯಂಕಾಲ ಗೇಟಿನ ಹೊರಗೆ ಯಾರೋ ನಿಂತಿದ್ದಾರೆಂದು ನೋಡಿದರೆ ಅವರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಗೇಟು ಮುಚ್ಚಿರಲಿಲ್ಲ, ದೂಡಿದರೆ ತೆರೆಯುತ್ತಿತ್ತು. ಅಲ್ಲೇ ನಿಂತು, "ಒಳಗೆ ಬರಬಹುದೇನಮ್ಮ?" ಎಂದರು. ಜೀವಮಾನದಲ್ಲಿ ಯಾವ ಬಾಗಿಲಲ್ಲೂ ಅವರು ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. "ಬಾ ಅಣ್ಣಯ್ಯ" ಎಂದು ಅತ್ತೆ ಒಳಗೆ ಹೋಗಿ ಬಹಳ ಹೊತ್ತು ಕಾಫಿ ಮಾಡಿದಳು. ಆಮೇಲೆ ಅವರು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಇಬ್ಬರೂ ರೇಡಿಯೋ ಮುಂದೆ ಕೂತು ಲೋಕದ ಬಗ್ಗೆ ಜಗಳವಾಡುತ್ತಿದ್ದರು, ಚೆನ್ನಾಗಿರುತ್ತಿತ್ತು.

ಅತ್ತೆ ಸಾಯುವಾಗ ಈ ಮನೆಯನ್ನು ನನ್ನ ಹೆಸರಿಗೆ ಬರೆದಳು. ನನ್ನ ಯಜಮಾನರು ಹೋದ ಮೇಲೆ ನಾನು ಇಲ್ಲೇ ಇದ್ದೇನೆ, ಸುಖವಾಗಿದ್ದೇನೆ. ಮಗ ಜೆ.ಪಿ. ನಗರದಲ್ಲಿದ್ದಾನೆ. ದಿನಾ ಫೋನು, ಭಾನುವಾರ ತಪ್ಪದೆ ಬರುತ್ತಾನೆ, ಒಳ್ಳೆಯ ಮಗ. ಬಣ್ಣದ ಮೇಸ್ತ್ರಿಯನ್ನು ಕಳಿಸಿದವನು ಅವನೇ. ನಾನು ಅವನ ಫ್ಲ್ಯಾಟಿಗೆ ಹೋಗಿರುವುದು, ಮನೆಗೆ ಬಣ್ಣ ಹೊಡೆಸಿ ಒಂದು ಒಳ್ಳೆಯ ಸಂಸಾರಕ್ಕೆ ಬಾಡಿಗೆಗೆ ಕೊಡುವುದು ಎಂದು ತೀರ್ಮಾನವಾಗಿದೆ. ನನ್ನ ಒಳ್ಳೆಯದಕ್ಕೇ. ವಾರದಿಂದ ನಾನು ಹೂಂ ಎಂದೂ ಅನ್ನದೆ, ಊಹೂಂ ಎಂದೂ ಅನ್ನದೆ ಪೇಪರಿನ ಹಿಂದೆ ಕೂತಿದ್ದೆ.

ಇವತ್ತು ಮಧ್ಯಾಹ್ನ ಇದನ್ನು ಬರೆಯುತ್ತಿರುವಾಗಲೇ ಅವನ ಫೋನು ಬಂತು. "ಅಮ್ಮಾ, ಬಣ್ಣ ಎಲ್ಲೀತನಕ ಬಂತು? ಶನಿವಾರ ಮನೆ ನೋಡೋಕೆ ಒಬ್ರು ಬರ್ತಾರೆ. ಖಾಲಿ ಮನೆ, ಯಾವಾಗ ಬೇಕಾದ್ರೂ ಬನ್ನಿ ಅಂದಿದೀನಿ."

"ಖಾಲಿ ಇಲ್ಲ ಅಂತ ಹೇಳು ಕಂದ" ಎಂದೆ. "ಇಲ್ಲಿ ಜನ ಇದಾರೆ."